ಅಣ್ಣನ ಮಗಳ ಮೊದಲ ರೈಫಲ್‌ಗೆ ಏನು ಕೊಡಿಸಲಿ?

ಪ್ರಶ್ನೆ: ನಮ್ಮ ಅಣ್ಣನ ಮಗಳಿಗೆ 16 ವರ್ಷ. ನನ್ನ ಲೈಸೆನ್ಸ್ ಮೇಲೆ ಹಳೆಯದೊಂದು .22 ಟಾರ್ಗೆಟ್ ರೈಫಲ್ ತಗೊಂಡಿದ್ದೇವೆ. ರೇಂಜಿನಲ್ಲಿ 50 ಮೀಟರ್ ಪ್ರೋನ್, ಅಂದರೆ ಮಲಗಿ ಹೊಡೆಯುವುದನ್ನು ಅಭ್ಯಾಸ ಮಾಡುತ್ತಾಳೆ. ಗುಂಡುಗಳು ಒಂದೇ ಕಡೆ ಬೀಳುತ್ತಿಲ್ಲ. ಕೈಯಲ್ಲಿ 15,000 ರೂಪಾಯಿ ಇದೆ. ದುರ್ಬೀನು ಹಾಕಿಸಲೇ, ಇಲ್ಲಾ ಹೊಸ ಸ್ಟಾಕ್, ಅಂದರೆ ಬ್ಯಾರೆಲ್ ಕೂರುವ, ಕೈಯಲ್ಲಿ ಹಿಡಿಯುವ ಭಾಗ, ಕೊಡಿಸಲೇ? ಕಾಕಾ ಏನಾದರೂ ಮಾಡು ಅಂತ ಗಂಟು ಬಿದ್ದಿದ್ದಾಳೆ.
– ಓದುಗರು, ತಿಲಕವಾಡಿ, ಬೆಳಗಾವಿ

ಉತ್ತರ: ಎರಡೂ ಬೇಡ ಅಣ್ಣಾ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲ. ಹಿಂದೆ ಕಣ್ಣಿಟ್ಟು ಗುರಿ ನೋಡುವ ಸಣ್ಣ ತೂತಿನ ಪೀಪ್ ಸೈಟ್, ಮುಂದೆ ಒಂದು ಉಂಗುರ, ಅಷ್ಟರಲ್ಲೇ ಟಾರ್ಗೆಟ್ ನಡುವಿನ 10.4 ಮಿ.ಮೀ. ಅಗಲದ ಹತ್ತು ಅಂಕದ ವೃತ್ತವನ್ನು ಹೊಡೆಯಬೇಕು. ಪಕ್ಕದ ಕೊಲ್ಲಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಪ್ರೋನ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದೂ ಹೀಗೇ. ಇನ್ನು ಸ್ಟಾಕ್. ಹುಡುಗಿ ಇನ್ನೂ ಬೆಳೆಯುತ್ತಿದ್ದಾಳೆ, ಅಲ್ವಾ? ಅಷ್ಟು ದುಡ್ಡು ಈಗಲೇ ಅದಕ್ಕೆ ಸುರಿಯಬೇಡಿ.

ಮೊದಲು ಖರ್ಚಿಲ್ಲದ ಕೆಲಸ. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಸ್ಟಾಕಿಗೆ ಬ್ಯಾರೆಲ್ ಹಿಡಿದಿರುವ ಸ್ಕ್ರೂಗಳು ಸಡಿಲ ಆಗಿವೆಯಾ ಅಂತ ಕೋಚ್ ಹತ್ತಿರ ತೋರಿಸಿ. ಹಳೆಯ ರೈಫಲ್‌ನಲ್ಲಿ ಗುಂಡು ಚದುರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಆಮೇಲೆ ಒಳ್ಳೆಯ ಸ್ಲಿಂಗ್, ಅಂದರೆ ತೋಳಿಗೂ ರೈಫಲ್‌ಗೂ ಕಟ್ಟುವ ಪಟ್ಟಿ. ಮಲಗಿ ಹೊಡೆಯುವಾಗ ರೈಫಲ್ ಭಾರ ತೋಳಿನ ಸ್ನಾಯು ಮೇಲೆ ಬೀಳಬಾರದು, ಪಟ್ಟಿ ಮತ್ತು ಮೂಳೆ ಹೊರಬೇಕು. ಪಟ್ಟಿಯನ್ನು ತೋಳಿನ ಮೇಲ್ಭಾಗದಲ್ಲಿ ಕಟ್ಟಬೇಕು, ಕೆಳಗಿದ್ದರೆ ನಾಡಿ ಬಡಿತವೇ ರೈಫಲ್‌ಗೆ ಹೋಗಿ ಮುಂದಿನ ಉಂಗುರ ಕುಣಿಯುತ್ತದೆ. ಬಟ್, ಅಂದರೆ ಭುಜಕ್ಕೆ ಒತ್ತುವ ಹಿಂಭಾಗ, ಅದರ ಉದ್ದ ಅವಳ ತೋಳಿಗೆ ಹೊಂದಬೇಕು. ಸಣ್ಣ ಸ್ಪೇಸರ್ ತುಂಡುಗಳನ್ನು ಹಾಕಿಸಿದರೆ ಅವಳು ಬೆಳೆದ ಹಾಗೆ ಉದ್ದ ಮಾಡುತ್ತಾ ಹೋಗಬಹುದು. ಕೆನ್ನೆ ಕೂರುವ ಜಾಗ ತಗ್ಗಾಗಿದ್ದರೆ ಫೋಮ್ ಇಟ್ಟು ಟೇಪ್ ಸುತ್ತಿ. ಕೆನ್ನೆ ಪ್ರತಿ ಸಲ ಅದೇ ಜಾಗಕ್ಕೆ ಬರಬೇಕು, ಇಲ್ಲದಿದ್ದರೆ ಕಣ್ಣು ಪೀಪ್‌ನ ಮಧ್ಯ ಸಿಗುವುದಿಲ್ಲ.

ದುಡ್ಡಿನ ದೊಡ್ಡ ಪಾಲು ಮಾತ್ರ ಗುಂಡಿಗೆ ಹೋಗಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಒಂದೇ ಕಂಪನಿಯ ಎರಡು ರೈಫಲ್ ಕೂಡ ಒಂದೇ ಗುಂಡನ್ನು ಇಷ್ಟಪಡುವುದಿಲ್ಲ. ಮೂರು ನಾಲ್ಕು ಬಗೆಯ ಸ್ಟ್ಯಾಂಡರ್ಡ್ ವೆಲಾಸಿಟಿ (ಸಾಮಾನ್ಯ ವೇಗದ) ಗುಂಡು ಸ್ವಲ್ಪ ಸ್ವಲ್ಪ ತಗೊಂಡು, ರೈಫಲನ್ನು ಮರಳು ಚೀಲದ ಮೇಲೆ ಇಟ್ಟು, ಒಂದೊಂದರಲ್ಲೂ ಹತ್ತು ಹತ್ತು ಹೊಡೆಸಿ. ಬ್ರ್ಯಾಂಡ್ ಬದಲಿಸಿದಾಗ ಮೊದಲ ಕೆಲವು ಗುಂಡು ಲೆಕ್ಕಕ್ಕೆ ಬೇಡ, ಹೊಸ ಗುಂಡಿನ ಮೇಣ ಬ್ಯಾರೆಲ್ ಒಳಗೆ ಕೂರಬೇಕು. ಹತ್ತೂ ಒತ್ತಾಗಿ ಬಿದ್ದದ್ದು ಸಿಕ್ಕರೆ, ಡಬ್ಬದ ಮೇಲಿನ ಬ್ಯಾಚ್ ನಂಬರ್ ನೋಡಿ ಅದನ್ನೇ ಜಾಸ್ತಿ ತಗೊಳ್ಳಿ, ಲೈಸೆನ್ಸ್ ಮಿತಿಯೊಳಗೆ.

ಮುಂದಿನ ಸೈಟಿಗೆ ಬೇರೆ ಬೇರೆ ಅಳತೆಯ ಉಂಗುರಗಳ ಸೆಟ್ ಕೊಡಿಸಿ. ಉಂಗುರಕ್ಕೂ ಟಾರ್ಗೆಟ್‌ನ ಕಪ್ಪಿಗೂ ನಡುವೆ ಬಿಳಿ ಚೆನ್ನಾಗಿ ಕಾಣಬೇಕು. ತೀರಾ ಬಿಗಿಯಾದರೆ ಕಣ್ಣು ಮೋಸ ಹೋಗುತ್ತದೆ. ಟ್ರಿಗರ್ ಮನೆಯಲ್ಲಿ ಬಿಚ್ಚಬೇಡಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರೇ ಮುಟ್ಟಲಿ. ಖಾಲಿ ರೈಫಲ್‌ನ ಟ್ರಿಗರ್ ಸುಮ್ನೆ ಎಳೆಯುವುದೂ ಬೇಡ. .22ರಲ್ಲಿ ಗುಂಡಿಗೆ ಬಡಿಯುವ ಪಿನ್ನು, ಗುಂಡು ಕೂರುವ ಚೇಂಬರ್‌ನ ಅಂಚಿಗೆ ಬಡಿದು ಹಾಳಾಗಬಹುದು.

ಇನ್ನೊಂದು, ನಿಮ್ಮೂರಿನ ಮಳೆ. ಜೂನ್‌ನಿಂದ ಬೆಳಗಾವಿಯ ತೇವ ಗೊತ್ತೇ ಇದೆ. ಫೋಮ್ ಪೆಟ್ಟಿಗೆಯೊಳಗೆ ಒದ್ದೆ ರೈಫಲ್ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಅಭ್ಯಾಸ ಮುಗಿದ ಮೇಲೆ ಹೊರಗೆ ಒರೆಸಿ ತೆಳುವಾಗಿ ಎಣ್ಣೆ ಹಚ್ಚಲಿ. ಬ್ಯಾರೆಲ್ ಶುಚಿ ಮಾಡುವ ಸಲಾಕೆ ಬೋಲ್ಟ್ ಕಡೆಯಿಂದ, ಅಂದರೆ ಗುಂಡು ತುಂಬುವ ಹಿಂಬದಿಯಿಂದ, ಹೋಗಲಿ. ಮೂತಿಯ ಅಂಚಿಗೆ ಗೀರು ಬಿದ್ದರೆ ನಿಖರತೆ ಹೋಯಿತು.

ಮುಂದಿನ ವಾರವೇ ಆ ಸ್ಕ್ರೂ ನೋಡಿಸಿ, ಈಗಿನ ಗುಂಡಿನಲ್ಲಿ ಹತ್ತು ಹೊಡೆದ ಟಾರ್ಗೆಟ್ ಕಾಗದ ಜೋಪಾನವಾಗಿ ಇಡಿ. ಗುಂಡು ಬದಲಿಸಿದ ಮೇಲಿನ ಕಾಗದವನ್ನು ಪಕ್ಕದಲ್ಲಿಟ್ಟು ಅವಳಿಗೇ ತೋರಿಸಿ.