ಒಂಟಿಯಾಗಿದ್ದ ಹಿರಿಯರು ಕಾಣೆಯಾದಾಗ ಬೀದಿಯವರ ಕೋಪ ಮತ್ತು ಬೀದಿಯವರ ಕೆಲಸ

ಬೆಂಗಳೂರಿನ ನಿಮ್ಮ ಬೀದಿಯಲ್ಲಿ ಒಂಟಿಯಾಗಿ ವಾಸವಿದ್ದ 78 ವರ್ಷದ ಹಿರಿಯರೊಬ್ಬರು ನಾಲ್ಕು ದಿನಗಳಿಂದ ಕಾಣುತ್ತಿಲ್ಲವೆಂದೂ, ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅಮೆರಿಕದಲ್ಲಿರುವ ಅವರ ಮಗನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾರೆಂದೂ ಬರೆದಿದ್ದೀರಿ. ಈ ಕೋಪ ನ್ಯಾಯವೇ, ನೆರೆಯವರಾದ ನಾವು ಏನು ಮಾಡಬೇಕು ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ನಾಳೆಯವರೆಗೆ ಕಾಯುವಂಥದ್ದಲ್ಲ.

ಬಾಗಿಲಿಗೆ ಇಂಟರ್‌ಲಾಕ್ ಇರುವುದರಿಂದ ಅದು ಒಳಗಿನಿಂದ ಹಾಕಿದ್ದೋ ಹೊರಗಿನಿಂದ ಹಾಕಿದ್ದೋ ತಿಳಿಯುತ್ತಿಲ್ಲ ಎಂದಿದ್ದೀರಿ. ಹಾಗಿದ್ದರೆ ಅವರು ಕಾಣೆಯಾಗಿದ್ದಾರೆ ಎಂಬುದೇ ಇನ್ನೂ ಖಚಿತವಾಗಿಲ್ಲ. ಒಂಟಿಯಾಗಿರುವ ಹಿರಿಯರು ಬಚ್ಚಲಿನಲ್ಲಿ ಜಾರಿಬಿದ್ದು, ಸೊಂಟದ ಮೂಳೆ ಮುರಿದು, ಕೂಗಿದರೂ ಕೇಳಿಸದ ಸ್ಥಿತಿಯಲ್ಲಿ ಮನೆಯೊಳಗೇ ಇರುವುದುಂಟು. ಈಗಲೇ 112ಕ್ಕೆ ಕರೆ ಮಾಡಿ, ಪೊಲೀಸರ ಸಮಕ್ಷಮದಲ್ಲಿ, ಅಕ್ಕಪಕ್ಕದ ಇಬ್ಬರನ್ನು ಪಂಚರನ್ನಾಗಿ ಇಟ್ಟುಕೊಂಡು ಬಾಗಿಲು ತೆಗೆಸಿ. ನೀವಾಗಿಯೇ ಬೀಗ ಒಡೆಯಬೇಡಿ. ಒಳಗೆ ಅವರು ಇಲ್ಲದಿದ್ದರೆ ಏನೇನು ಇಲ್ಲ ಎಂಬುದನ್ನು ನೋಡಿ: ಚಪ್ಪಲಿ, ಕೊಡೆ, ಕನ್ನಡಕ, ಮಾತ್ರೆಯ ಡಬ್ಬಿ, ಆಧಾರ್ ಕಾರ್ಡು, ಮೊಬೈಲಿನ ಚಾರ್ಜರ್. ಚಾರ್ಜರ್ ಮತ್ತು ಮಾತ್ರೆ ಎರಡನ್ನೂ ತೆಗೆದುಕೊಂಡು ಹೋದವರು ಪ್ರಯಾಣಕ್ಕೆ ಸಿದ್ಧರಾಗಿ ಹೊರಟಿದ್ದಾರೆ ಎಂದು ಬಹುಮಟ್ಟಿಗೆ ಹೇಳಬಹುದು; ಎರಡೂ ಮನೆಯಲ್ಲಿದ್ದು ಚಪ್ಪಲಿ ಮಾತ್ರ ಇಲ್ಲದಿದ್ದರೆ ಹುಡುಕಾಟದ ಸ್ವರೂಪವೇ ಬೇರೆಯಾಗುತ್ತದೆ. ಗೇಟಿಗೆ ತೂಗುಹಾಕಿದ ಚೀಲದಲ್ಲಿ ನಂದಿನಿ ಹಾಲಿನ ಪೊಟ್ಟಣಗಳು ಉಳಿದಿದ್ದರೆ, ವಾಸನೆ ಬರುತ್ತಿದೆಯೆಂದು ಎಸೆಯುವ ಮೊದಲು ಅವುಗಳ ಮೇಲಿನ ದಿನಾಂಕದ ಫೋಟೊ ತೆಗೆದಿಡಿ.

ದೂರು ಕೊಡಲು ಮಗನೇ ಬರಬೇಕು, 24 ಗಂಟೆ ಕಳೆಯಬೇಕು ಎಂದು ನಿಮ್ಮ ಗುಂಪಿನಲ್ಲಿ ಯಾರೋ ಹೇಳಿರುವುದು ಎರಡೂ ತಪ್ಪು. ಅಂಥ ಕಾನೂನು ಎಲ್ಲಿಯೂ ಇಲ್ಲ. ವಿಷಯ ತಿಳಿದ ನೆರೆಯವರೂ ಠಾಣೆಗೆ ಹೋಗಿ ಲಿಖಿತವಾಗಿ ತಿಳಿಸಬಹುದು. ಸ್ವೀಕೃತಿ ಪಡೆಯದೆ ಹಿಂತಿರುಗಬೇಡಿ. ಬೆಂಗಳೂರಿನಲ್ಲಿ 2002ರಿಂದ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ನಡೆಸುತ್ತಿರುವ ಹಿರಿಯರ ಸಹಾಯವಾಣಿ 1090 ಇದೆ. ರಾಜ್ಯದ ಬೇರೆ ಊರುಗಳಲ್ಲಿರುವವರಿಗೆ 14567 ಇದೆ. ಇವು ಠಾಣೆಯ ದೂರಿಗೆ ಬದಲಿಯಲ್ಲ, ಆದರೆ ದೂರಿನ ಬೆನ್ನು ಹತ್ತುವುದಕ್ಕೆ ನೆರವಾಗುತ್ತವೆ.

ಇನ್ನು ನಾನು ಒತ್ತಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಒಂಟಿಯಾಗಿದ್ದವರು ಕಾಣೆಯಾದಾಗ ಅವರನ್ನು ಕೊನೆಯ ಬಾರಿ ಕಂಡದ್ದು ಯಾವಾಗ ಎಂಬ ಒಂದೇ ಒಂದು ಸಂಗತಿ ಬೀದಿಯವರ ಬಳಿ ಮಾತ್ರ ಇರುತ್ತದೆ. ಮಗನ ಬಳಿ ಇರುವುದಿಲ್ಲ, ಪೊಲೀಸರ ಬಳಿಯಂತೂ ಇರುವುದೇ ಇಲ್ಲ. ಆ ಸಂಗತಿಯನ್ನು ಬೀದಿಯವರು ಕೊಡುವ ಬದಲು ಅಭಿಪ್ರಾಯ ಕೊಡಲು ತೊಡಗುತ್ತಾರೆ. ಕೆಲವು ವರ್ಷಗಳ ಹಿಂದೆ ಬಸವನಗುಡಿ ಕಡೆಯ ನಮ್ಮ ಬೀದಿಯಲ್ಲಿ ಹೀಗೆಯೇ ಒಬ್ಬ ಹಿರಿಯ ಹೆಂಗಸು ಕಾಣೆಯಾಗಿದ್ದರು. ಎದುರು ಮನೆಯವರು ಅವರನ್ನು ಭಾನುವಾರ ನೋಡಿದೆ ಎಂದರು, ಇಸ್ತ್ರಿ ಅಂಗಡಿಯವನು ಮಂಗಳವಾರ ಎಂದ, ಕೆಲಸದಾಕೆ ತನಗೆ ಸರಿಯಾಗಿ ನೆನಪಿಲ್ಲ ಎಂದಳು. ಕೊನೆಗೆ ವಿಷಯ ಇತ್ಯರ್ಥವಾದದ್ದು ಬೀದಿಯ ತುದಿಯಲ್ಲಿ ಹೂವು ಮಾರುವಾಕೆಯಿಂದ. "ಅಮ್ಮ ಸಂಕಷ್ಟಿಗೆ ಗರಿಕೆ ತಗೊಂಡ್ರು, ಸಾಯಂಕಾಲ ಚಂದ್ರೋದಯ ಎಷ್ಟು ಹೊತ್ತಿಗೆ ಅಂತ ನನ್ನನ್ನೇ ಕೇಳಿದ್ರು" ಎಂದಳು. ಸಂಕಷ್ಟ ಚತುರ್ಥಿ ತಿಂಗಳಿಗೆ ಒಂದೇ ದಿನ ಬರುವುದರಿಂದ ತಾರೀಖು ತಾನಾಗಿಯೇ ಗಟ್ಟಿಯಾಯಿತು, ಭಾನುವಾರವೂ ಮಂಗಳವಾರವೂ ಬಿದ್ದುಹೋದವು. ಯಾವ ಮನೆಯ ಕ್ಯಾಮೆರಾದಲ್ಲಿ ಯಾವ ದಿನದ ದೃಶ್ಯ ಹುಡುಕಬೇಕೆಂದು ಆಗ ತಿಳಿಯಿತು. ಆದುದರಿಂದ ನಿಮ್ಮ ಬೀದಿಯಲ್ಲೂ "ಯಾವಾಗ ನೋಡಿದಿರಿ" ಎಂದು ಕೇಳಬೇಡಿ, "ಅವತ್ತು ಇನ್ನೇನು ನಡೆದಿತ್ತು" ಎಂದು ಕೇಳಿ. ಕರೆಂಟು ಹೋಗಿತ್ತೇ, ನೀರು ಬಂದಿತ್ತೇ, ಗ್ಯಾಸ್ ಸಿಲಿಂಡರ್‌ನವನು ಬಂದಿದ್ದನೇ? ಕ್ಯಾಮೆರಾಗಳ ಹಳೆಯ ದೃಶ್ಯಗಳು ಕೆಲವು ದಿನಗಳಲ್ಲೇ ತಾವಾಗಿ ಅಳಿಸಿಹೋಗುವುದರಿಂದ, ಅವುಗಳನ್ನು ಇಂದೇ ಉಳಿಸಿಕೊಳ್ಳಲು ಆಯಾ ಮನೆಯವರಿಗೆ ಹೇಳಿ. ಇನ್ನೊಂದು ಮಾತು: ಗುಂಪಿನಲ್ಲಿರುವವರೆಲ್ಲ ಸರದಿಯ ಮೇಲೆ ಅವರ ಮೊಬೈಲಿಗೆ ಕರೆ ಮಾಡುತ್ತಿದ್ದರೆ ಅದನ್ನು ನಿಲ್ಲಿಸಿ. ಪೊಲೀಸರು ಟವರಿನ ಮೂಲಕ ಸ್ಥಳ ಪತ್ತೆ ಮಾಡಬೇಕಾದ ಹೊತ್ತಿಗೆ ಆ ಫೋನಿನಲ್ಲಿ ಚಾರ್ಜ್ ಉಳಿದಿರಬೇಕು.

ಈಗ ಕೋಪದ ವಿಷಯ. ಇಂಥ ಸಂದರ್ಭದಲ್ಲಿ ಅತ್ಯಂತ ಗಟ್ಟಿಯಾಗಿ ಬೈಯುವವರು ಹೆಚ್ಚಾಗಿ ಏನನ್ನೋ ಕಂಡೂ ಸುಮ್ಮನಿದ್ದವರು ಎಂಬುದು ನನ್ನ ಅನುಭವದ ಅಭಿಪ್ರಾಯ. ಎರಡನೆಯ ದಿನದ ಹಾಲಿನ ಪೊಟ್ಟಣವನ್ನೂ ಹಗಲಲ್ಲಿ ಉರಿಯುತ್ತಿದ್ದ ವರಾಂಡದ ದೀಪವನ್ನೂ ಅವರು ನೋಡಿರುತ್ತಾರೆ. ನಮಗೇಕೆ ಊರ ಉಸಾಬರಿ ಎಂದು ಮುಂದೆ ಹೋಗಿರುತ್ತಾರೆ. ಈಗ ಅದನ್ನು ಹೇಳಿದರೆ "ಆಗಲೇ ಯಾಕೆ ಹೇಳಲಿಲ್ಲ" ಎಂಬ ಮಾತು ಬರುತ್ತದೆಂದು ಅಳುಕುತ್ತಾರೆ. ಮಗನನ್ನು ಬೈದರೆ ಆ ಅಳುಕು ಮುಚ್ಚಿಹೋಗುತ್ತದೆ, ಜೊತೆಗೆ ಸಾಕ್ಷ್ಯವೂ ಮುಚ್ಚಿಹೋಗುತ್ತದೆ. ಅವರ ನಡತೆಯನ್ನು ತೂಗಿನೋಡಲು ಹೋಗಬೇಡಿ. ಯಾರು ಏನು ಕಂಡಿದ್ದರೂ ಯಾರೂ ಪ್ರಶ್ನಿಸುವುದಿಲ್ಲ, ತಿಳಿಸಿ ಎಂದು ಗುಂಪಿನ ಹಿರಿಯರೊಬ್ಬರಿಂದ ಒಂದು ಸಂದೇಶ ಹಾಕಿಸಿ, ಉತ್ತರಗಳು ಗುಂಪಿಗಲ್ಲದೆ ಒಬ್ಬರಿಗೇ ಖಾಸಗಿಯಾಗಿ ಬರುವಂತೆ ಏರ್ಪಾಡು ಮಾಡಿ.

ಚಿತ್ರದುರ್ಗದ ಪ್ರಕರಣ ನಿಮಗೆ ನೆನಪಿರಬಹುದು. 2023ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಮನೆಯೊಂದರಲ್ಲಿ ಐವರ ಅಸ್ಥಿಪಂಜರಗಳು ಸಿಕ್ಕವು. ಅದು ನಿವೃತ್ತ ಕಾರ್ಯಪಾಲಕ ಎಂಜಿನಿಯರ್ ಒಬ್ಬರ ಕುಟುಂಬದ ಮನೆ. ಯಾರೊಂದಿಗೂ ಹೆಚ್ಚು ಬೆರೆಯದ ಆ ಕುಟುಂಬದವರು ಕೊನೆಯದಾಗಿ ಕಣ್ಣಿಗೆ ಬಿದ್ದದ್ದು 2019ರ ಸುಮಾರಿಗೆ. ಮುಂಬಾಗಿಲು ಮುರಿದಿರುವುದನ್ನು ಎರಡು ತಿಂಗಳ ಹಿಂದೆಯೇ ಕಂಡವರಿದ್ದರು, ಆದರೆ ಪೊಲೀಸರಿಗೆ ಯಾರೂ ತಿಳಿಸಿರಲಿಲ್ಲ ಎಂದು ಆಗ ವರದಿಯಾಯಿತು. ಜಿಲ್ಲಾ ಕೇಂದ್ರದ ಊರಿನೊಳಗೆ ಐದು ಜನರ ಮನೆಯೊಂದು ವರ್ಷಗಟ್ಟಲೆ ಸದ್ದಿಲ್ಲದೆ ಇದ್ದದ್ದಕ್ಕೆ ಹುಟ್ಟದ ಪ್ರತಿಕ್ರಿಯೆ, ಅಸ್ಥಿಗಳು ಸಿಕ್ಕಿದ ಮರುದಿನ ರಾಜ್ಯದ ತುಂಬ ಹುಟ್ಟಿತು: ಮೌಢ್ಯ, ಆಸ್ತಿ, ಸಂಬಂಧಿಕರು ಎಂದು ಊಹೆಗಳ ಮೇಲೆ ಊಹೆಗಳು ಬೆಳೆದವು. ಅವರು ಒಂಟಿ ವೃದ್ಧರಲ್ಲ, ಐದು ಜನರಿದ್ದರು ಎಂಬುದು ನಿಜ. ಆದರೆ ಬಾಗಿಲು ತಟ್ಟಿ ಬರುವವರು ಯಾರೂ ಇಲ್ಲದ ಮೇಲೆ ಒಳಗಿರುವವರು ಒಬ್ಬರೋ ಐವರೋ ಎಂಬುದರಿಂದ ವ್ಯತ್ಯಾಸವೇನೂ ಆಗುವುದಿಲ್ಲ.

ಹಾಗಾದರೆ ಮಗನ ಹೊಣೆ ಏನೂ ಇಲ್ಲವೇ? ಇದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ 2007ರ ಕಾಯ್ದೆ ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ, ಮತ್ತು ಹಿರಿಯರನ್ನು ಸಂಪೂರ್ಣವಾಗಿ ತೊರೆಯುವ ಉದ್ದೇಶದಿಂದ ಬಿಟ್ಟುಹೋಗುವುದಕ್ಕೆ ಅದರ 24ನೆಯ ಕಲಮು ಮೂರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ನಿಮ್ಮ ಮಾತಿನ ಪ್ರಕಾರವೇ ಆ ಮಗ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡುತ್ತಿದ್ದರು, ತಂದೆಯೇ ಅಲ್ಲಿಗೆ ಹೋಗಲು ಒಪ್ಪಿರಲಿಲ್ಲ. ಇದನ್ನು ತೊರೆಯುವುದು ಎನ್ನಲಾಗದು. ಅದೇ ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ನಿಯಮಗಳು ಇನ್ನೊಂದು ಮಾತನ್ನೂ ಹೇಳುತ್ತವೆ, ಅದು ಯಾವ ವಾಟ್ಸಾಪ್ ಗುಂಪಿನಲ್ಲೂ ಚರ್ಚೆಯಾಗುವುದಿಲ್ಲ: ಪ್ರತಿಯೊಂದು ಪೊಲೀಸ್ ಠಾಣೆಯೂ ತನ್ನ ವ್ಯಾಪ್ತಿಯ ಹಿರಿಯ ನಾಗರಿಕರ, ಅದರಲ್ಲೂ ಒಂಟಿಯಾಗಿರುವವರ ಪಟ್ಟಿ ಇಟ್ಟುಕೊಳ್ಳಬೇಕು ಮತ್ತು ಠಾಣೆಯ ಪ್ರತಿನಿಧಿಯೊಬ್ಬರು ತಿಂಗಳಿಗೆ ಒಮ್ಮೆಯಾದರೂ ಅವರನ್ನು ಭೇಟಿಯಾಗಬೇಕು. ನಿಮ್ಮ ಬಡಾವಣೆಯ ಸಂಘ ತನ್ನ ಬೀದಿಗಳ ಅಂಥ ಹೆಸರುಗಳನ್ನು ಎಂದಾದರೂ ಠಾಣೆಗೆ ಕೊಟ್ಟಿದೆಯೇ ಎಂದು ಕೇಳಿನೋಡಿ. ಮಗನ ಮೇಲಿನ ಕೋಪದ ಅರ್ಧದಷ್ಟು ಇದರ ಕಡೆಗೆ ತಿರುಗಿದ್ದರೆ ಚೆನ್ನಾಗಿತ್ತು.

ಎಲ್ಲಿ ಹುಡುಕಬೇಕು ಎಂಬುದಕ್ಕೆ ಅವರ ನೆನಪಿನ ಶಕ್ತಿ ಹೇಗಿತ್ತು ಎಂಬುದು ಮುಖ್ಯ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆಯಾದ ಡಿಮೆನ್ಶಿಯಾ ಇದೆ ಎಂದು ಅಂದಾಜಿಸಲಾಗಿದೆ. ಒಂಟಿಯಾಗಿರುವವರಲ್ಲಿ ಇದು ಬಹಳ ಕಾಲ ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿಸಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರಿರುವುದಿಲ್ಲ. ಇಂಥವರು ಕಂಡಕಂಡಲ್ಲಿ ಅಲೆಯುತ್ತಾರೆ ಎಂದು ನಾವು ಭಾವಿಸಿದರೂ, ಅನೇಕ ವೇಳೆ ಅವರ ಮನಸ್ಸಿನಲ್ಲಿ ಒಂದು ಜಾಗ ಇರುತ್ತದೆ: ಹಳೆಯ ಬಾಡಿಗೆ ಮನೆ, ನಿವೃತ್ತರಾದ ಕಚೇರಿ, ಹುಟ್ಟಿದ ಊರು. ನಮ್ಮ ಬೀದಿಯ ಆ ಹೆಂಗಸು ಕೊನೆಗೆ ಸಿಕ್ಕಿದ್ದು ಅರಸೀಕೆರೆಯಲ್ಲಿ, ಅವರ ಯಜಮಾನರು ರೈಲ್ವೆಯಲ್ಲಿದ್ದಾಗ ಸಂಸಾರ ಹೂಡಿದ್ದ ವಸತಿಗೃಹಗಳ ಹತ್ತಿರ. ಕೈಯಲ್ಲಿ ದುಡ್ಡಿಲ್ಲದೆ ಅಷ್ಟು ದೂರ ಹೇಗೆ ಹೋದರೆಂದು ಎಲ್ಲರೂ ಬೆರಗಾದರು; ಆಧಾರ್ ಕಾರ್ಡು ತೋರಿಸಿ, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿನಲ್ಲಿ ಸರ್ಕಾರಿ ಬಸ್ಸು ಹತ್ತಿದ್ದರು. 2023ರ ಜೂನ್ ನಂತರ ಹೆಂಗಸರ ವಿಷಯದಲ್ಲಿ ಹುಡುಕಾಟದ ವೃತ್ತವೇ ದೊಡ್ಡದಾಗಿದೆ. ನಿಮ್ಮವರು ಗಂಡಸಾದ್ದರಿಂದ ಈ ಮಾತು ನೇರವಾಗಿ ಅನ್ವಯಿಸದು, ಆದರೂ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ಬಿಡಬೇಡಿ.

ಠಾಣೆಯವರು ಮಾಡುತ್ತಾರೆಂದು ಕುಳಿತುಕೊಳ್ಳದೆ ಇಬ್ಬರು ಖುದ್ದಾಗಿ ಹೋಗಿ ವಿಚಾರಿಸಬೇಕಾದ ಸ್ಥಳಗಳಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಸರು ಗೊತ್ತಿಲ್ಲದೆ ದಾಖಲಾದ ರೋಗಿಗಳ ಬಗ್ಗೆ ಕೇಳಬೇಕು. ರೈಲ್ವೆ ಪೊಲೀಸರ ದಾಖಲೆಗಳು ನಗರ ಠಾಣೆಗಳ ದಾಖಲೆಗಳಿಂದ ಪ್ರತ್ಯೇಕವಾಗಿರುವುದರಿಂದ ಅವರನ್ನೂ ಬೇರೆಯಾಗಿಯೇ ಕೇಳಬೇಕು. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರವನ್ನು ಬಹಳ ಜನ ಮರೆಯುತ್ತಾರೆ, ನಮ್ಮಪ್ಪ ಭಿಕ್ಷುಕರ ಕೇಂದ್ರದಲ್ಲಿ ಯಾಕಿರುತ್ತಾರೆ ಎಂಬ ಮರ್ಯಾದೆಯ ಪ್ರಶ್ನೆಯಿಂದ. ಆದರೆ ನಾಲ್ಕು ದಿನ ಕ್ಷೌರವಿಲ್ಲದೆ, ಮಾಸಿದ ಪಂಚೆಯಲ್ಲಿ, ವಿಳಾಸ ಹೇಳಲಾರದೆ ದೇವಸ್ಥಾನದ ಮುಂದೆ ಕುಳಿತ ನಿವೃತ್ತ ಅಧಿಕಾರಿಗೂ ಭಿಕ್ಷುಕರಿಗೂ ನೋಡುವವರ ಕಣ್ಣಿಗೆ ಭೇದ ಕಾಣುವುದಿಲ್ಲ. ಮಾನಸಿಕ ಕಾಯಿಲೆಯಿಂದ ಬೀದಿಯಲ್ಲಿ ಅಲೆಯುತ್ತಿರುವವರು ಸಿಕ್ಕರೆ ಅವರು ಸಿಕ್ಕಿದ ಕಡೆಯ ಠಾಣೆಯಲ್ಲೇ ಕಾಣೆಯಾದವರ ಪ್ರಕರಣ ದಾಖಲಿಸಿ, ಕುಟುಂಬವನ್ನು ಪತ್ತೆ ಹಚ್ಚಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಹೀಗಾಗಿ ಅವರ ಬಗೆಗಿನ ದಾಖಲೆ ಬೇರೆ ಠಾಣೆಯಲ್ಲಿ ಆಗಲೇ ಇರುವ ಸಾಧ್ಯತೆಯೂ ಉಂಟು.

ಪ್ರಕಟಣೆಯ ಬಗ್ಗೆ ಒಂದೆರಡು ಮಾತು. "ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು" ಎಂದು ಬರೆದರೆ ಜಯನಗರದ ಅರ್ಧ ಹಿರಿಯರು ಅದಕ್ಕೆ ಹೊಂದುತ್ತಾರೆ. ಎಡಗಾಲು ಎಳೆದು ನಡೆಯುತ್ತಾರೆ, ಬಲಗಿವಿಗೆ ಶ್ರವಣ ಸಾಧನ ಹಾಕುತ್ತಾರೆ, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ ಎಂಬಂಥ ವಿವರ ಬರೆಯಿರಿ. ಮನೆಯ ವಿಳಾಸವನ್ನಾಗಲಿ "ಒಂಟಿಯಾಗಿದ್ದರು" ಎಂಬ ಮಾತನ್ನಾಗಲಿ ಹಾಕಬೇಡಿ. ಅದು ಕಳ್ಳರಿಗೆ ಕೊಟ್ಟ ಆಹ್ವಾನ. ಸಂಪರ್ಕಕ್ಕೆ ಠಾಣೆಯ ದೂರವಾಣಿ ಸಂಖ್ಯೆಯನ್ನೇ ಕೊಡಿ, ಏಕೆಂದರೆ ಮನೆಯವರ ಸಂಖ್ಯೆ ಕೊಟ್ಟರೆ "ನಿಮ್ಮ ತಂದೆ ಸಿಕ್ಕಿದ್ದಾರೆ, ಆಸ್ಪತ್ರೆ ಖರ್ಚಿಗೆ ಫೋನ್‌ಪೇ ಮಾಡಿ" ಎನ್ನುವ ಮೋಸಗಾರರ ಕರೆಗಳು ಬರುತ್ತವೆ. ಪ್ರಕಟಣೆಯ ಮೇಲೆ ದಿನಾಂಕ ಇರಲೇಬೇಕು. ನಮ್ಮ ಬೀದಿಯ ಅಮ್ಮನವರ ಫೋಟೊ ಅವರು ಮನೆಗೆ ಬಂದು ವರ್ಷ ಕಳೆದರೂ ಯಾವುದೋ ಊರಿನ ಗುಂಪುಗಳಲ್ಲಿ ತಿರುಗುತ್ತಿತ್ತು, ದೇವಸ್ಥಾನದಲ್ಲಿ ಅಪರಿಚಿತರು "ನೀವೇ ಅಲ್ಲವೇ ಕಾಣೆಯಾಗಿದ್ದವರು" ಎಂದು ಕೇಳುತ್ತಿದ್ದರು, ಅದಕ್ಕಾಗಿ ಅವರು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದರು.

ನಿಮ್ಮ ಹಾಲು ಹಾಕುವವನು ಎರಡನೆಯ ದಿನವೇ ಗಮನಿಸಿದ್ದ, ಆದರೆ ಯಾರಿಗೆ ಹೇಳಬೇಕೆಂದು ತಿಳಿಯಲಿಲ್ಲ ಎಂದು ನೀವು ಬರೆದ ಸಾಲು ನನಗೆ ಮುಖ್ಯವೆನಿಸಿತು. ಜಪಾನಿನಲ್ಲಿ 1972ರಿಂದಲೂ ಯಾಕುಲ್ಟ್ ಪಾನೀಯವನ್ನು ಮನೆಮನೆಗೆ ಕೊಡುವ ಹೆಂಗಸರು ಒಂಟಿ ಹಿರಿಯರ ಯೋಗಕ್ಷೇಮ ವಿಚಾರಿಸಿಕೊಂಡು ಬರುವ ಪದ್ಧತಿಯಿದೆ. ಫುಕುಶಿಮಾ ಪ್ರಾಂತ್ಯದ ಕೊರಿಯಾಮಾದಲ್ಲಿ ಅದು ಆರಂಭವಾಯಿತು. ಅಷ್ಟಿದ್ದರೂ 2010ರಲ್ಲಿ, ಟೋಕಿಯೊದ ಅತ್ಯಂತ ಹಿರಿಯ ಪುರುಷನೆಂದು ದಾಖಲೆಯಲ್ಲಿದ್ದ 111 ವರ್ಷದವರು ಸುಮಾರು 30 ವರ್ಷಗಳ ಹಿಂದೆಯೇ ತೀರಿಕೊಂಡಿದ್ದು, ಅವರ ದೇಹ ಮನೆಯ ಕೋಣೆಯಲ್ಲೇ ಇದ್ದದ್ದು ಬಯಲಾಯಿತು. ಏರ್ಪಾಡು ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ ಎಂಬುದಕ್ಕೂ ಅದೇ ದೇಶ ಉದಾಹರಣೆ. ನಮ್ಮಲ್ಲಿ ಅಷ್ಟು ದೊಡ್ಡ ಏರ್ಪಾಡೇನೂ ಬೇಕಿಲ್ಲ. ಹಾಲಿನವನ ಬಳಿ, ಪೇಪರಿನವನ ಬಳಿ ಬೀದಿಯ ಒಬ್ಬರ ಫೋನ್ ಸಂಖ್ಯೆ ಇದ್ದರೆ ಸಾಕಿತ್ತು.

ಮಗನೊಂದಿಗೆ ಮಾತನಾಡಲು ಗುಂಪಿನಿಂದ ಒಬ್ಬರನ್ನು ಮಾತ್ರ ಗೊತ್ತುಮಾಡಿ, ಅವರು ಬೈಯುವ ಸ್ವಭಾವದವರಾಗದಿರಲಿ. ಅವರಿಂದ ತಿಳಿಯಬೇಕಾದದ್ದು ಬಹಳವಿದೆ: ಕೊನೆಯ ಕರೆಯಲ್ಲಿ ತಂದೆ ಯಾವ ಊರಿನ, ಯಾರ ಹೆಸರು ಎತ್ತಿದ್ದರು, ಯಾವ ವೈದ್ಯರ ಬಳಿ ತೋರಿಸುತ್ತಿದ್ದರು, ಪಿಂಚಣಿ ಯಾವ ಬ್ಯಾಂಕಿನ ಯಾವ ಶಾಖೆಗೆ ಬರುತ್ತದೆ, ಇದುವರೆಗೆ ವಾಸವಿದ್ದ ಮನೆಗಳ ವಿಳಾಸಗಳೇನು, ಇತ್ತೀಚಿನ ಫೋಟೊ ಯಾವುದು. ಇವನ್ನೆಲ್ಲ ಬರಹದಲ್ಲಿ ಕಳುಹಿಸಲು ಹೇಳಿ, ಅದನ್ನು ಹಾಗೆಯೇ ತನಿಖಾಧಿಕಾರಿಗೆ ತಲುಪಿಸಿ. ಅಲ್ಲಿ ಈಗ ರಾತ್ರಿಯಾಗಿದ್ದರೂ ಚಿಂತೆಯಿಲ್ಲ, ಕರೆ ಮಾಡಿ. ಅವರು ಎಚ್ಚರವಾಗಿಯೇ ಇರುತ್ತಾರೆ.