ಸ್ಪರ್ಧಿಯಾಗಿ ಬಂದ ರಣವಿಜಯ್ ಸಿಂಘಾ ನಿರೂಪಕರಾದದ್ದು ಹೇಗೆ?

ತುಮಕೂರಿನಲ್ಲಿ ಕಾಲೇಜು ಕಾರ್ಯಕ್ರಮಗಳನ್ನು ನಿರೂಪಿಸುವ ಹುಡುಗನೊಬ್ಬ, 'ರಿಯಾಲಿಟಿ ಶೋಗೆ ಹೋದರೆ ನಿರೂಪಕನಾಗಬಹುದೇ?' ಎಂದು ಕೇಳಿದ್ದಾನೆ. ಆಗಬಹುದು. ಆದರೆ ಹಾಗೆ ಆದವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ರಣವಿಜಯ್ ಸಿಂಘಾ.

ಜಲಂಧರ್‌ನಲ್ಲಿ 1983ರಲ್ಲಿ ಹುಟ್ಟಿದ ರಣವಿಜಯ್ ಸೇನೆಯ ಮನೆತನದವರು. ತಾವೂ ಸೈನ್ಯಕ್ಕೆ ಸೇರಬೇಕೆಂದಿದ್ದರು. 2003ರಲ್ಲಿ, ಬೈಕಿನಲ್ಲಿ ಊರೂರು ಸುತ್ತುತ್ತಾ ಸ್ಪರ್ಧಿಸುವ ಎಂಟಿವಿ ರಿಯಾಲಿಟಿ ಶೋ 'ರೋಡೀಸ್'ನ ಮೊದಲ ಸರಣಿ ಗೆದ್ದರು, ಬದುಕಿನ ದಾರಿಯೇ ತಿರುಗಿತು. ಮುಂದೆ ಅದೇ ಕಾರ್ಯಕ್ರಮದ ನಿರೂಪಕರಾದರು. ನನ್ನ ಮಟ್ಟಿಗೆ ಗುಟ್ಟು ಇಲ್ಲಿದೆ: ಬೈಕಿನ ಮೇಲೆ ಸುಸ್ತಾದವನ ಮುಖ ಹೇಗಿರುತ್ತದೆ, ಸ್ಪರ್ಧಿಗಳು ಮತ ಹಾಕಿ ಒಬ್ಬರನ್ನು ಹೊರಗಟ್ಟುವ ಹೊತ್ತಿನಲ್ಲಿ ಎದೆಯಲ್ಲಿ ಏನಾಗುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಬರೆದುಕೊಟ್ಟ ಸಾಲು ಓದುವವರಿಗೆ ಅದು ಒಲಿಯುವುದಿಲ್ಲ.

ಜೋಡಿ ಹುಡುಕುವ ರಿಯಾಲಿಟಿ ಶೋ 'ಸ್ಪ್ಲಿಟ್ಸ್‌ವಿಲ್ಲಾ'ವನ್ನೂ ನಡೆಸಿಕೊಟ್ಟರು. 2009ರ ಹೊತ್ತಿಗೆ ಸಿನಿಮಾಕ್ಕೂ ಬಂದರು. ಹೆಸರು ಉಳಿದದ್ದು ಮಾತ್ರ ಕಿರುತೆರೆಯಲ್ಲೇ. 2021ರ ಕೊನೆಯಲ್ಲಿ, ಹೊಸ ಉದ್ಯಮಿಗಳು ಹೂಡಿಕೆದಾರರ ಮುಂದೆ ಬಂಡವಾಳ ಕೇಳುವ 'ಶಾರ್ಕ್ ಟ್ಯಾಂಕ್ ಇಂಡಿಯಾ'ದ ಮೊದಲ ಸರಣಿಯ ನಿರೂಪಕರೂ ಅವರೇ. 2022ರ ರೋಡೀಸ್‌ಗೆ ಅವರ ಬದಲು ನಟ ಸೋನು ಸೂದ್ ನಿರೂಪಕರಾಗಿ ಬಂದರು.

ಇಂಥ ಇನ್ನೊಬ್ಬರು, ರೋಡೀಸ್‌ನ ಎರಡನೇ ಸರಣಿ ಗೆದ್ದ ಆಯುಷ್ಮಾನ್ ಖುರಾನಾ. ಅವರು ರೇಡಿಯೊದಲ್ಲಿ ಮಾತನಾಡಿ, ಟಿ.ವಿ. ನಿರೂಪಣೆ ಮಾಡಿ, 2012ರಲ್ಲಿ ಹಿಂದಿ ಸಿನಿಮಾ 'ವಿಕ್ಕಿ ಡೋನರ್' ಮೂಲಕ ನಾಯಕನಟರಾದರು. ಗೆಲುವಿಗಿಂತ ಆಮೇಲಿನ ದುಡಿಮೆಯೇ ದೊಡ್ಡದು, ನೋಡಿ.

ಕೇಳಿದ ಹುಡುಗನಿಗೆ ಒಂದೇ ಮಾತು: ಆಡಿಷನ್‌ಗೆ ಬೆಂಗಳೂರಿನ ರೈಲು ಹತ್ತುವುದು ಸುಲಭ, ಎಪ್ಪತ್ತು ಕಿಲೋಮೀಟರ್ ಅಷ್ಟೇ. ಅದಕ್ಕೆ ಮೊದಲು ಮೈಕ್ ಕೈಕೊಟ್ಟಾಗ ಸಭಿಕರನ್ನು ಐದು ನಿಮಿಷ ಹಿಡಿದಿಡುವುದನ್ನು ಊರಿನ ವೇದಿಕೆಯಲ್ಲೇ ಕಲಿಯಲಿ.