ಪದವಿನ ನೀಲಿ ಹೂವಿನ ಗಿಡ ಹುಳ ತಿನ್ನುವುದೇಕೆ?

ಮಳೆಗಾಲದಲ್ಲಿ ಕಾಸರಗೋಡಿನ ಪದವುಗಳಲ್ಲಿ, ಅಂದರೆ ಜಂಬಿಟ್ಟಿಗೆ (ಮುರಕಲ್ಲು) ಹಾಸಿದ ಎತ್ತರದ ಬಯಲುಗಳಲ್ಲಿ, ಅರಳುವ ಪುಟ್ಟ ನೀಲಿ ಹೂವಿನ ಗಿಡ ಹುಳ ತಿನ್ನುವುದೇಕೆ ಎಂದು ಕೇಳಿದ್ದೀರಿ. ಸಾರಜನಕಕ್ಕಾಗಿ. ಸಕ್ಕರೆಯನ್ನು ಅದು ಬಿಸಿಲಿನಿಂದಲೇ ಮಾಡಿಕೊಳ್ಳುತ್ತದೆ. ಆದರೆ ಮುರಕಲ್ಲಿನ ಮೇಲೆ ಮಣ್ಣು ತೀರಾ ತೆಳು. ಇದ್ದ ಸಾರವನ್ನೂ ಆಟಿ ತಿಂಗಳ ಮಳೆ ತೊಳೆದುಬಿಡುತ್ತದೆ.

ಯುಟ್ರಿಕ್ಯುಲೇರಿಯಾ ಎಂಬ ಈ ಗಿಡಕ್ಕೆ ನಿಜವಾದ ಬೇರೇ ಇಲ್ಲ. ನೆನೆದ ಮಣ್ಣಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ಚೀಲ ಒಳಗಿನ ನೀರನ್ನು ಹೊರಹಾಕಿ, ಹೊಟ್ಟೆ ಎಳೆದುಕೊಂಡಂತೆ ಕಾಯುತ್ತದೆ. ಬಾಗಿಲ ಬಳಿಯ ಕೂದಲಿಗೆ ಏನಾದರೂ ತಾಗಿದರೆ ಸಾಕು, ರೆಪ್ಪೆ ಬಡಿಯುವ ಮೊದಲೇ ನೀರಿನ ಜೊತೆ ಒಳಗೆ! ನೊಣ ಹಿಡಿಯುತ್ತದೆ ಅಂದುಕೊಳ್ಳಬೇಡಿ, ಸಿಗುವುದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಪಕ್ಕದಲ್ಲೇ ಕೆಂಪಗೆ, ಅಂಟಂಟಾಗಿ ಹೊಳೆಯುವ ಗಿಡವಿದೆಯಲ್ವಾ, ಆ ಡ್ರೊಸೆರಾ ನುಸಿ ಹಿಡಿಯುತ್ತದೆ.